ಗೇಟಿನೊಳಗಿನ ದಾರಿ ಯಾರದ್ದು?

ಮಾನ್ಯರೇ,

ಎರಡು ಮನೆಗೆ ಸೇರಿ ಒಂದೇ ದಾರಿ ಇದ್ದಲ್ಲಿ ‘ಐದೇ ನಿಮಿಷ’ ಎಂಬ ಮಾತಿಗಿಂತ ಅಪಾಯದ್ದು ಬೇರೊಂದಿಲ್ಲ. ಪಕ್ಕದ ಮನೆಗೆ ಬಂದ ನೆಂಟರು ಹಾಗೆ ಹೇಳಿ ಕಾರನ್ನು ಅಡ್ಡ ನಿಲ್ಲಿಸಿ ಒಳಗೆ ಹೋದರು. ನಾನು ಹಾರ್ನ್ ಹೊಡೆದೆ. ಎರಡು ತಿಂಗಳು ಮಾತಿಲ್ಲ, ಕತೆಯಿಲ್ಲ. ಆಮೇಲೆ ದಾರಿಯಂಚಿಗೆ ಒಂದು ಹೂಕುಂಡ ಬಂತು. ವಾರಕ್ಕೊಂದು ಗೇಣಿನಂತೆ ಅದು ನಮ್ಮ ಕಡೆಗೇ ಸರಿಯುತ್ತಿತ್ತು. (ಕುಂಡಕ್ಕೆ ಕಾಲಿಲ್ಲ ಎಂಬುದು ನನಗೂ ಗೊತ್ತು.)

ಕೊನೆಗೆ ಇಬ್ಬರೂ ಕ್ರಯಪತ್ರ ತೆಗೆದು ಕೂತೆವು. ಜಾಗ ಅವರದ್ದೇ, ಆದರೆ ಓಡಾಡುವ ಹಕ್ಕು ನಮಗೂ ಬರೆದಿದೆ. ಈ ವ್ಯತ್ಯಾಸ ಅಲ್ಲಿಯವರೆಗೆ ನನಗೇ ತಿಳಿದಿರಲಿಲ್ಲ. ದಾರಿ ಹಕ್ಕು ಎಂದರೆ ಹಾದುಹೋಗುವ ಹಕ್ಕು. ವಾಹನ ನಿಲ್ಲಿಸುವ ಹಕ್ಕು ತಾನಾಗಿಯೇ ಅದರ ಹಿಂದೆ ಬರುವುದಿಲ್ಲ. ಹಾಗೆಂದು ಜಾಗದ ಮಾಲೀಕರು ಅಡ್ಡ ಕಟ್ಟುವಂತೆಯೂ ಇಲ್ಲ. ಪತ್ರದಲ್ಲಿ ಬರೆದ ಇಂಥ ಹಕ್ಕು ಸಾಮಾನ್ಯವಾಗಿ ಮನೆ ಕೈಬದಲಾದರೂ ಉಳಿಯುತ್ತದೆ. ‘ಹೋಗಿ ಬನ್ನಿ, ಪರವಾಗಿಲ್ಲ’ ಎಂಬ ಬಾಯಿಮಾತಿನ ಒಪ್ಪಿಗೆಗೆ ಆ ಗಟ್ಟಿತನವಿಲ್ಲ.

ದುರಸ್ತಿ ಖರ್ಚಿನ ವಿಚಾರ ಮಾತ್ರ ಪತ್ರದಲ್ಲಿರಲಿಲ್ಲ. ಸಮಪಾಲು ಎಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಮನೆ ಕೊಳ್ಳುವವರು ಪತ್ರದಲ್ಲಿನ ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿಯ ವಿವರ) ಓದಿ ಸುಮ್ಮನಾಗದೆ, ಟೇಪು ಹಿಡಿದು ದಾರಿಯ ಅಗಲವನ್ನೂ ಅಳೆಯಲಿ, ಖರೀದಿಗೆ ಮುಂಚೆಯೇ.

ಕುಂಡ ಈಗ ಅವರ ಮೆಟ್ಟಿಲ ಮೇಲಿದೆ. ನೆಂಟರು ಇನ್ನೂ ಬಂದಿಲ್ಲ.

– ಒಬ್ಬ ಓದುಗ