ಕಿಕ್‌ಡೌನ್ ರಾಡ್ ಇನ್ನು ಬಿಡಿಯಾಗಿ ಮಾರುವುದಿಲ್ಲ

ಮಾನ್ಯ ಗ್ರಾಹಕರೇ,

ಡಾಡ್ಜ್ ಡಾರ್ಟ್, ಪ್ಲಿಮತ್ ವೇಲಿಯಂಟ್‌ನಂಥ ಹಳೆಯ ಕ್ರೈಸ್ಲರ್ ವಿ8 ಕಾರುಗಳ 904 ಮತ್ತು 727 ಟಾರ್ಕ್‌ಫ್ಲೈಟ್ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ನಾವು ತಯಾರಿಸುವ ಕಿಕ್‌ಡೌನ್ ರಾಡ್ (ಕಾರ್ಬೋರೇಟರನ್ನು ಗೇರ್‌ಬಾಕ್ಸಿನ ಥ್ರಾಟಲ್ ಲಿವರಿಗೆ ಜೋಡಿಸುವ ಸಲಾಕೆ) ಇನ್ನು ಮುಂದೆ ಸೆಟ್ ಆಗಿ ಮಾತ್ರ ಸಿಗುತ್ತದೆ. ಸೆಟ್ಟಿನಲ್ಲಿ ರಾಡ್, ಬುಷ್‌ಗಳು, ಎರಡು ರಿಟರ್ನ್ ಸ್ಪ್ರಿಂಗ್ ಮತ್ತು ಕಾರ್ಬೋರೇಟರ್ ಲಿವರ್ ಇರುತ್ತವೆ. ಆರ್ಡರ್ ಜೊತೆ ಕಾರ್ಬೋರೇಟರಿನ ಎಡಬದಿಯ ಫೋಟೊ ಕಡ್ಡಾಯ.

ಈ ರಾಡ್ ಇರುವುದು ಓವರ್‌ಟೇಕ್ ಮಾಡುವಾಗ ಗೇರ್ ಇಳಿಸಲಿಕ್ಕಷ್ಟೇ ಎಂದುಕೊಂಡು ಕಳಚಿಟ್ಟು ಓಡಿಸುವವರಿದ್ದಾರೆ. ಜನರಲ್ ಮೋಟರ್ಸ್‌ನ (ಜಿಎಂ) ಟರ್ಬೊ 350 ಗೇರ್‌ಬಾಕ್ಸಿನಲ್ಲಿ ಎಂಜಿನ್ನಿನ ಹೊರೆ ತಿಳಿಯಲು ವ್ಯಾಕ್ಯೂಮ್ ಮಾಡ್ಯುಲೇಟರ್ ಬೇರೆಯೇ ಇದೆ, ಅದರ ಕಿಕ್‌ಡೌನ್ ಕೇಬಲ್ ಕಿತ್ತರೆ ಕಿಕ್‌ಡೌನ್ ಮಾತ್ರ ಹೋಗುತ್ತದೆ. ಟಾರ್ಕ್‌ಫ್ಲೈಟಿನಲ್ಲಿ ಆ ಮಾಡ್ಯುಲೇಟರ್ ಇಲ್ಲ. ರಾಡ್ ಎಷ್ಟು ಸರಿಯುತ್ತದೋ ಅಷ್ಟೇ ಥ್ರಾಟಲ್ ಪ್ರೆಶರ್ (ಹೊರೆ ತಿಳಿಸುವ ಎಣ್ಣೆಯ ಒತ್ತಡ), ಅದನ್ನು ನೋಡಿಕೊಂಡೇ ಲೈನ್ ಪ್ರೆಶರ್ (ಕ್ಲಚ್‌ಗಳನ್ನು ಒತ್ತಿ ಹಿಡಿಯುವ ಎಣ್ಣೆಯ ಒತ್ತಡ). ರಾಡ್ ಇಲ್ಲದಿದ್ದರೆ ಗೇರ್ ಬೇಗ ಬೇಗ, ಮೆತ್ತಗೆ ಏರುತ್ತದೆ. ಓಡಿಸುವವರಿಗೆ ಹಾಯೆನಿಸುತ್ತದೆ, ಒಳಗೆ ಕ್ಲಚ್ ಜಾರಿ ಸುಡುತ್ತಿರುತ್ತದೆ. ಎಣ್ಣೆ ಕಂದಾಗಿ ಸುಟ್ಟ ವಾಸನೆ ಬರುವ ಹೊತ್ತಿಗೆ ಗೇರ್‌ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ.

ರಾಡ್ ಹೊಸದಿದ್ದರೂ ಇದೇ ಆಗಬಹುದು. ಹಾಲಿ (Holley), ಎಡೆಲ್‌ಬ್ರಾಕ್ ಕಂಪನಿಗಳ ಕಾರ್ಬೋರೇಟರ್ ಹಾಕಿದ ಕಾರುಗಳಲ್ಲಿ ರಾಡ್ ಸಿಕ್ಕಿಸುವ ಪಿನ್ ಕೂರುವ ಜಾಗ ಮೂಲ ಲಿವರಿನಂತೆ ಇರದೆ ಹೋದರೆ ಐಡಲ್‌ನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಪೆಡಲ್ ಪೂರ್ತಿ ಒತ್ತಿದಾಗ ಗೇರ್‌ಬಾಕ್ಸ್ ಲಿವರ್ ಅರ್ಧಕ್ಕೇ ನಿಂತಿರುತ್ತದೆ. ಇದನ್ನು ರಾಡಿನ ಉದ್ದ ಬದಲಿಸಿ ಸರಿಪಡಿಸಲಾಗದು. ಅದಕ್ಕೇ ಲಿವರ್ ಸೇರಿಸಿದ್ದೇವೆ.

ಹೊಂದಿಸುವಾಗ ಎಂಜಿನ್ ಆಫ್ ಇರಲಿ, ಚೋಕ್ ಪೂರ್ತಿ ತೆರೆದಿರಲಿ, ಫಾಸ್ಟ್ ಐಡಲ್ ಕ್ಯಾಮ್ (ತಣ್ಣಗಿನ ಎಂಜಿನ್ನಿನಲ್ಲಿ ಥ್ರಾಟಲನ್ನು ತುಸು ತೆರೆದಿಡುವ ತುಂಡು) ಥ್ರಾಟಲನ್ನು ಬಿಟ್ಟಿರಲಿ. ಗೇರ್‌ಬಾಕ್ಸಿನ ಥ್ರಾಟಲ್ ಲಿವರನ್ನು ಮುಂದಕ್ಕೆ ತಳ್ಳಿ ಸ್ಟಾಪಿಗೆ ಒತ್ತಿ ಹಿಡಿಯಿರಿ. ಈಗ ರಾಡಿನ ತುದಿಯ ಸ್ಲಾಟಿನ (ಉದ್ದ ತೂತಿನ) ಹಿಂದಿನ ಅಂಚು ಕಾರ್ಬೋರೇಟರ್ ಪಿನ್ನಿಗೆ ಬರೀ ತಾಗುವಂತೆ ಉದ್ದ ಹೊಂದಿಸಿ ಲಾಕ್‌ನಟ್ ಬಿಗಿಯಿರಿ. ಅಲ್ಲಿ ಸಡಿಲ ಉಳಿದರೆ ಗೇರ್ ಬೇಗ ಏರುತ್ತದೆ, ಅತಿಯಾಗಿ ಎಳೆದು ಕಟ್ಟಿದರೆ ತಡವಾಗಿ, ಧಡ್ಡನೆ ಏರುತ್ತದೆ. ಸ್ಲಾಟಿನ ಮುಂಭಾಗದ ಖಾಲಿ ಜಾಗಕ್ಕೆ ವಾಷರ್ ತುಂಬಬೇಡಿ: ರಾಡ್ ಕಚ್ಚಿಕೊಂಡರೂ ಥ್ರಾಟಲ್ ಮುಚ್ಚಲಿ ಎಂದೇ ಆ ಜಾಗ ಬಿಟ್ಟಿರುವುದು.

ಆಮೇಲೆ ಒಬ್ಬರು ಒಳಗೆ ಕೂತು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ಕೆಳಗಿನಿಂದ ನೋಡಲಿ. ಕಾರ್ಬೋರೇಟರ್ ಪೂರ್ತಿ ತೆರೆದ ಹೊತ್ತಿಗೇ ಲಿವರ್ ಹಿಂದಿನ ಕೊನೆ ಮುಟ್ಟಬೇಕು. ಅದಕ್ಕೂ ಮೊದಲೇ ಮುಟ್ಟಿದರೆ ಥ್ರಾಟಲ್ ಪೂರ್ತಿ ತೆರೆಯುವುದಿಲ್ಲ. ಇದನ್ನು ನೋಡದೆ ಕಾರು ರಸ್ತೆಗೆ ಇಳಿಸಬೇಡಿ.

ಗೇರ್‌ಬಾಕ್ಸಿನ ಒಳಗಿನ ಕಿಕ್‌ಡೌನ್ ಬ್ಯಾಂಡ್ (ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿ) ಹೊಂದಿಸುವ ಸ್ಕ್ರೂ ಬೇರೆ. ಅದನ್ನು 72 ಇಂಚ್-ಪೌಂಡಿಗೆ ಬಿಗಿದು, ನಿಮ್ಮ ಮಾಡೆಲ್ಲಿನ ಮ್ಯಾನುಯಲ್ ಹೇಳಿದಷ್ಟು ಸುತ್ತು ಸಡಿಲಿಸಬೇಕು. ರಾಡಿನ ತೊಂದರೆ ಅದರಿಂದ ಹೋಗದು.

ಈಗಾಗಲೇ ಬಿಡಿ ರಾಡ್ ಕೊಂಡವರು ಹಳೆಯ ಬಿಲ್ ಮತ್ತು ಫೋಟೊ ಕಳಿಸಿ, ಲಿವರ್, ಸ್ಪ್ರಿಂಗ್ ಮಾತ್ರ ಕಳಿಸಿಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಬಿಡಿಭಾಗ ವಿಭಾಗ