ಒಂದೆಲಗದಲ್ಲಿ ಬಾಕೋಸೈಡ್ ಇಲ್ಲ ಸ್ವಾಮಿ

ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಬ್ರಾಹ್ಮಿ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಫೋಟೊದಲ್ಲಿ ಇದ್ದದ್ದು ಒಂದೆಲಗ. ಬರೆದದ್ದು ಮಾತ್ರ, ಇದರಲ್ಲಿ ಬಾಕೋಸೈಡ್ ಅನ್ನೋ ರಾಸಾಯನಿಕ ಇದೆ, ನೆನಪಿನ ಶಕ್ತಿಗೆ ಒಳ್ಳೆಯದು ಅಂತ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು, ಎಂ.ಎಸ್ಸಿ. ಪ್ರಾಜೆಕ್ಟಿಗೆ ಇದೇ ಒಂದೆಲಗದ ಜೊತೆ ಆರು ತಿಂಗಳು ಗುದ್ದಾಡಿದವನು, ಹಾಗಾಗಿ ಸುಮ್ನೆ ಇರಲು ಆಗಲಿಲ್ಲ.

ಬಾಕೋಸೈಡ್ ಇರುವುದು ನೀರುಬ್ರಾಹ್ಮಿಯಲ್ಲಿ. ಅದರ ಎಲೆ ಚಿಕ್ಕದು, ದಪ್ಪ, ಬಾಯಿಗಿಟ್ಟರೆ ಕಹಿ. ಒಂದೆಲಗ ಕೊತ್ತಂಬರಿ ಕುಟುಂಬದ ಗಿಡ, ದುಂಡನೆಯ ಎಲೆ, ತುಳುವಿನಲ್ಲಿ ತಿಮರೆ ಅನ್ನುತ್ತಾರೆ. ನಮ್ಮಲ್ಲಿ ಎರಡನ್ನೂ ಬ್ರಾಹ್ಮಿ ಅಂತಲೇ ಕರೆಯುವುದರಿಂದ ಈ ಗೋಜಲು. ಭಾರತದ ಆಯುರ್ವೇದ ಫಾರ್ಮಕೋಪಿಯಾ (ಔಷಧಗಳ ಅಧಿಕೃತ ಗ್ರಂಥ) ನೀರುಬ್ರಾಹ್ಮಿಯನ್ನು ಬ್ರಾಹ್ಮಿ ಅಂತಲೂ ಒಂದೆಲಗವನ್ನು ಮಂಡೂಕಪರ್ಣಿ ಅಂತಲೂ ಬೇರೆಬೇರೆಯಾಗಿಯೇ ಬರೆದಿದೆ.

ನಾನು ಮೊದಲ ದಿನ ಎರಡು ಕಿಲೋ ಸೊಪ್ಪು ತಂದು ಲ್ಯಾಬಿನಲ್ಲಿ ಸುರಿದಾಗ ಗೈಡ್ ಕೇಳಿದ ಒಂದೇ ಪ್ರಶ್ನೆ, 'ಹರ್ಬೇರಿಯಂ ಶೀಟ್ ಎಲ್ಲಪ್ಪ?' ಬೇರು ಹೂವು ಸಮೇತ ಒಂದು ಗಿಡ ಕಿತ್ತು, ಹಳೇ ಪೇಪರಿನ ಮಧ್ಯೆ ಒತ್ತಿ ಒಣಗಿಸಿ (ನಿಮ್ಮದೇ ಪೇಪರು ಅಂದುಕೊಳ್ಳಿ), ಬಾಟನಿಯವರಿಂದ ಹೌದು ಅನ್ನಿಸಿಕೊಂಡ ಮೇಲೆಯೇ ಸಾಕ್ಸ್‌ಲೆಟ್‌ಗೆ (ಪುಡಿಯಿಂದ ಸಾರ ಇಳಿಸುವ ಗಾಜಿನ ಉಪಕರಣ) ಕೈ ಹಾಕಲು ಬಿಟ್ಟರು.

ಆಮೇಲಿನ ಕೆಲಸ ಇನ್ನೂ ತಾಳ್ಮೆಯದು. ನೆರಳಲ್ಲಿ ಒಣಗಿಸಿದ ಪುಡಿಯಿಂದ ಮೊದಲು ಹೆಕ್ಸೇನ್ ಹಾಕಿ ಜಿಡ್ಡು ತೆಗೆಯಬೇಕು, ಆಮೇಲೆ ಮೆಥನಾಲ್. ಕೊನೆಗೆ ಉಳಿಯುವುದು ಕಡುಹಸಿರು ಅಂಟು. ಅದನ್ನು ನೀರಲ್ಲಿ ಕದಡಿ ಬ್ಯುಟನಾಲ್ ಸೇರಿಸಿ ಅಲುಗಿಸಿದರೆ ಅಂಟುವಾಳದ ಕಾಯಿ ಉಜ್ಜಿದ ಹಾಗೆ ನೊರೆಯೋ ನೊರೆ, ಯಾಕಂದರೆ ನಮಗೆ ಬೇಕಾದದ್ದೂ ಸಪೋನಿನ್ನೇ, ಅಂದರೆ ನೊರೆ ಬರಿಸುವ ವಸ್ತುವೇ. ಪದರ ಬೇರೆಯಾಗಲಿ ಅಂತ ರಾತ್ರಿಯಿಡೀ ಬಿಟ್ಟು ಮನೆಗೆ ಹೋಗಿದ್ದೇನೆ. ಮುಂದೆ ವಸ್ತುಗಳನ್ನು ಬೇರೆಬೇರೆ ಮಾಡುವ ಸಿಲಿಕಾ ಕಾಲಂ, ಸಾಲು ಸಾಲು ಟೆಸ್ಟ್‌ಟ್ಯೂಬು, ಪ್ರತಿಯೊಂದರಿಂದ ಒಂದು ಚುಕ್ಕೆ ಟಿಎಲ್‌ಸಿ ಪ್ಲೇಟಿನ ಮೇಲೆ (ಯಾವ ವಸ್ತು ಎಷ್ಟು ಎತ್ತರಕ್ಕೆ ಏರುತ್ತದೆ ಅಂತ ನೋಡುವ ತಟ್ಟೆ ಅದು). ಪ್ಲೇಟ್ ಬೆಳ್ಳಗೆ ಖಾಲಿ ಕಾಣುತ್ತದೆ. ಅನಿಸಾಲ್ಡಿಹೈಡ್ ಮತ್ತು ಗಂಧಕಾಮ್ಲ ಸಿಂಪಡಿಸಿ ಬಿಸಿ ಮಾಡಿದರೆ ನೋಡನೋಡುತ್ತಲೇ ನೇರಳೆ ಚುಕ್ಕೆ ಮೂಡುತ್ತದೆ. ಒಂದೆಲಗದಲ್ಲಿ ಇರುವ ಸಪೋನಿನ್ ಅಸಿಯಾಟಿಕೋಸೈಡ್; ಪಕ್ಕದಲ್ಲಿ ಇಟ್ಟ ಅದರ ಸ್ಟ್ಯಾಂಡರ್ಡಿನ, ಅಂದರೆ ಶುದ್ಧ ಮಾದರಿಯ, ಎತ್ತರಕ್ಕೇ ಚುಕ್ಕೆ ಬಂದರೂ ಅಷ್ಟಕ್ಕೆ ಕುಣಿಯುವ ಹಾಗಿಲ್ಲ. ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರಮ್‌ನಲ್ಲಿ ಅಣುತೂಕ 959ಕ್ಕೆ ಹೊಂದಬೇಕು, ಅಣುವಿನ ರಚನೆ ತೋರಿಸುವ ಎನ್‌ಎಂಆರ್‌ನಲ್ಲಿ ಎರಡು ಗ್ಲೂಕೋಸ್, ಒಂದು ರಾಮ್ನೋಸ್ ಎಂಬ ಸಕ್ಕರೆಗಳು ಕಾಣಬೇಕು.

ಬಾಕೋಸೈಡ್ ಅನ್ನೋ ಹೆಸರು ಬಂದದ್ದು 1960ರ ದಶಕದಲ್ಲಿ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರು ನೀರುಬ್ರಾಹ್ಮಿಯಿಂದ ಬೇರ್ಪಡಿಸಿದಾಗ. ಮಜಾ ಏನಂದ್ರೆ, ಅವರು 'ಬಾಕೋಸೈಡ್ ಎ' ಅಂದದ್ದು ಒಂದೇ ವಸ್ತು ಅಲ್ಲ, ನಾಲ್ಕು ಸಪೋನಿನ್‌ಗಳ ಮಿಶ್ರಣ ಅಂತ ಎಷ್ಟೋ ವರ್ಷಗಳ ನಂತರ ಗೊತ್ತಾಯಿತು. ಅಂಥವರಿಗೇ ಅಷ್ಟು ಕಾಲ ಹಿಡಿದ ವಿಷಯ ಇದು. ನೀವು ಫೋಟೊ ನೋಡಿ ಹೇಳಿಬಿಟ್ಟಿರಿ, ಅಲ್ವಾ?

ಇದರಿಂದ ಏನು ನಷ್ಟ ಅನ್ನಬಹುದು. ಹಿಂದೆ ಒಮ್ಮೆ ಅಂಗಡಿಯಿಂದ ಬ್ರಾಹ್ಮಿ ಪುಡಿ ತಂದು ಹುಡುಗರ ಪ್ರಾಕ್ಟಿಕಲ್‌ಗೆ ಅದೇ ಪ್ಲೇಟಿನಲ್ಲಿ ಓಡಿಸಿದೆ. ಡಬ್ಬಿಯ ಮೇಲೆ ಬಾಕೋಸೈಡ್ ಅಂತಿತ್ತು, ಚುಕ್ಕೆ ಬಂದದ್ದು ಒಂದೆಲಗದ್ದು. ದುಡ್ಡು ಕೊಟ್ಟವರು ಯಾವ ಗಿಡ ತಿನ್ನುತ್ತಿದ್ದಾರೆ ಅಂತ ಅವರಿಗೇ ಗೊತ್ತಿಲ್ಲ. ಒಂದೆಲಗ ಕಳಪೆ ಅಂತ ಅಲ್ಲ, ಅಸಿಯಾಟಿಕೋಸೈಡನ್ನು ಗಾಯ ಮಾಯುವ ಮುಲಾಮುಗಳಲ್ಲಿ ಬಳಸುತ್ತಾರೆ. ಆದರೆ ಅದರ ಕೆಲಸ ಬೇರೆ, ಬಾಕೋಸೈಡಿನ ಕೆಲಸ ಬೇರೆ.

ಫೋಟೊ ಬದಲಿಸಿ, ಇಲ್ಲವೇ ಬಾಕೋಸೈಡ್ ಅನ್ನೋದನ್ನು ತೆಗೆದು ಒಂದು ತಿದ್ದುಪಡಿ ಹಾಕಿ. ಗಿಡದ ಲ್ಯಾಟಿನ್ ಹೆಸರು ಕೊಟ್ಟರೆ ಇನ್ನೂ ಒಳ್ಳೆಯದು, ಎರಡೇ ಪದ, ಜಾಸ್ತಿ ಜಾಗ ತಿನ್ನಲ್ಲ. ಲೇಖನದ ಕೊನೆಗೆ ಕೊಟ್ಟಿದ್ದ ತಂಬುಳಿ ಮಾತ್ರ ಒಂದೆಲಗದ್ದೇ, ಅದರಲ್ಲಿ ತಕರಾರಿಲ್ಲ. ಆದರೆ ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿಯೋದನ್ನು ಬರೆಯಲು ಮರೆತಿದ್ದೀರಿ.

ಇಂತಿ,
ನಿಮ್ಮ ಹಳೆಯ ಓದುಗ