ವಿಶ್ವಕಿರಣ: ಆಂಟೆನಾ ಒಂದೇ ಸಾಲದು

ಮಾನ್ಯ ಸಂಪಾದಕರೇ,

ಕಾಲೇಜಿನ ತಾರಸಿ ಮೇಲೆ ರೇಡಿಯೊ ಆಂಟೆನಾ ನಿಲ್ಲಿಸಿ ವಿಶ್ವಕಿರಣಗಳ ಸುರಿಮಳೆಯನ್ನು ಗುರುತಿಸಬಹುದೇ? ಬಹುದು. ಆದರೆ ಆಂಟೆನಾವನ್ನೇ ನಂಬಿ ಕೂತರೆ ತಿಂಗಳುಗಟ್ಟಲೆ ದಾಖಲಾಗುವುದು ಟ್ರಾನ್ಸ್‌ಫಾರ್ಮರ್ ಕಿಡಿಗಳಷ್ಟೇ.

ಆಂಟೆನಾ ಕಣವನ್ನು ಹಿಡಿಯುವುದಿಲ್ಲ. ಬಾಹ್ಯಾಕಾಶದ ಕಣವೊಂದು ವಾತಾವರಣಕ್ಕೆ ಬಡಿದಾಗ ಸುರಿಮಳೆಯಾಗಿ ಹುಟ್ಟುವ ಕೋಟ್ಯಂತರ ಎಲೆಕ್ಟ್ರಾನ್‌ಗಳನ್ನೂ ಅವುಗಳ ಧನಾವೇಶದ ಜೋಡಿಯಾದ ಪಾಸಿಟ್ರಾನ್‌ಗಳನ್ನೂ ಭೂಮಿಯ ಕಾಂತಕ್ಷೇತ್ರ ಎದುರುಬದುರು ದಿಕ್ಕಿಗೆ ಎಳೆಯುತ್ತದೆ. ಆಗ ಹೊಮ್ಮುವ, ಕೆಲವು ಹತ್ತು ನ್ಯಾನೊಸೆಕೆಂಡುಗಳ ರೇಡಿಯೊ ಮಿಡಿತವೇ ನಮಗೆ ಸಿಗುವುದು. ಇದರಲ್ಲಿ ನಮ್ಮ ನಾಡಿಗೆ ಒಳ್ಳೆಯ ಅನುಕೂಲವಿದೆ. ವಿಶ್ವಕಿರಣಗಳನ್ನು ಅಧ್ಯಯನ ಮಾಡುವ ಪಿಯೆರ್ ಓಜೆ ವೀಕ್ಷಣಾಲಯವಿರುವ ಅರ್ಜೆಂಟೀನಾದ ಮಲಾರ್ಗ್ವೆಯಲ್ಲಿ ಕಾಂತಕ್ಷೇತ್ರದ ಬಲ ಸುಮಾರು 24 ಮೈಕ್ರೊಟೆಸ್ಲಾ. ಬೆಂಗಳೂರಿನಲ್ಲಿ ಸುಮಾರು 40, ಅದೂ ಉತ್ತರಕ್ಕೆ ಮುಖಮಾಡಿ ಹೆಚ್ಚುಕಡಿಮೆ ನೆಲಕ್ಕೆ ಸಮಾಂತರ. ನೆತ್ತಿಯಿಂದ ಇಳಿಯುವ ಸುರಿಮಳೆಗೆ ಬಹುಮಟ್ಟಿಗೆ ಪೂರ್ತಿ ಬಲ ತಾಗುತ್ತದೆ. ಡೈಪೋಲ್‌ನ (ಎರಡು ತೋಳಿನ ಸರಳ ಆಂಟೆನಾ) ತೋಳುಗಳು ಪೂರ್ವ-ಪಶ್ಚಿಮವಾಗಿಯೇ ಇರಬೇಕು. ಉತ್ತರ-ದಕ್ಷಿಣ ಇಟ್ಟರೆ ಮಿಡಿತದ ಬಹುಪಾಲು ಕೈತಪ್ಪುತ್ತದೆ.

ಕೇಳಬೇಕಾದದ್ದು 30ರಿಂದ 80 ಮೆಗಾಹರ್ಟ್ಸ್. ಅದರ ಕೆಳಗೆ ಶಾರ್ಟ್‌ವೇವ್, ಮೇಲೆ 88ರಿಂದ ಎಫ್‌ಎಂ. ಊರೊಳಗಾದರೆ ಆಂಪ್ಲಿಫೈಯರ್‌ಗೂ ಮುಂಚೆ ಒಂದು ಫಿಲ್ಟರ್ ಬೇಕು. ಎಫ್‌ಎಂ ಸಿಗ್ನಲ್‌ನಿಂದ ಆಂಪ್ಲಿಫೈಯರ್ ಒಮ್ಮೆ ತುಂಬಿಹೋದ ಮೇಲೆ ಎಷ್ಟು ಸೋಸಿದರೂ ಪ್ರಯೋಜನವಿಲ್ಲ. ಸಿಗ್ನಲ್ಲನ್ನು ಅಂಕಿಗಳಾಗಿಸುವ ಡಿಜಿಟೈಸರ್ ಸೆಕೆಂಡಿಗೆ 20 ಕೋಟಿ ಸ್ಯಾಂಪಲ್ ತೆಗೆಯುವಂಥದ್ದಿರಲಿ.

ನಿಜವಾದ ತೊಡಕು ಗದ್ದಲದ್ದು. ರೇಡಿಯೊದಲ್ಲಿ ಸ್ಪಷ್ಟವಾಗಿ ಕಾಣಲು ಕಣದ ಶಕ್ತಿ ಸುಮಾರು 10ರ ಘಾತ 17 ಎಲೆಕ್ಟ್ರಾನ್‌ವೋಲ್ಟ್ (ಕಣಗಳ ಶಕ್ತಿಯ ಅಳತೆ) ಇರಬೇಕು. ಅಂಥವು ಚದರ ಕಿಲೋಮೀಟರಿಗೆ ದಿನಕ್ಕೆ ಕೆಲವು ಹತ್ತುಗಳಷ್ಟೇ. ಸವೆದ ಇನ್ಸುಲೇಟರ್‌ನ ಕಿಡಿ ಮಾತ್ರ ಸೆಕೆಂಡಿಗೆ 100 ಸಲ ಅದೇ ಬಗೆಯ ಮಿಡಿತ ಕೊಡುತ್ತದೆ, ಏಕೆಂದರೆ 50 ಹರ್ಟ್ಸ್ ವಿದ್ಯುತ್ತಿನ ಪ್ರತಿ ಸುತ್ತಿನಲ್ಲಿ ವೋಲ್ಟೇಜ್ ಎರಡು ಸಲ ತುದಿ ಮುಟ್ಟುತ್ತದೆ. ಮಿಡಿತಗಳ ನಡುವಿನ ಅಂತರ 10 ಮಿಲಿಸೆಕೆಂಡಿನ ಮಗ್ಗಿಯಲ್ಲಿ ಬಂದರೆ ಹಿಂದೆಮುಂದೆ ನೋಡದೆ ಕೈಬಿಡಿ.

ಇದಕ್ಕೆ ನಂಬಿಕಸ್ತ ದಾರಿ ಸಿಂಟಿಲೇಟರ್, ಅಂದರೆ ಕಣ ಹಾಯ್ದಾಗ ಮಿನುಗುವ ಫಲಕ. ನಾಲ್ಕು ಫಲಕಗಳನ್ನು ಹರಡಿಟ್ಟು, ಕನಿಷ್ಠ ಮೂರರಲ್ಲಿ ಒಟ್ಟಿಗೇ ಕಣ ಹಾಯ್ದಾಗ ಮಾತ್ರ ಆಂಟೆನಾದ ದತ್ತಾಂಶ ಉಳಿಸಿಕೊಳ್ಳಬೇಕು. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಅಷ್ಟೊಂದು ಗದ್ದಲದ ನಡುವೆಯೂ ಇಂಥದೇ ರೇಡಿಯೊ ಆಂಟೆನಾಗಳ ಲೋಪೆಸ್ ಪ್ರಯೋಗ ಗೆದ್ದದ್ದು ಪಕ್ಕದ ಕ್ಯಾಸ್ಕೇಡ್ ಕಣಪತ್ತೆ ಜಾಲ ‘ಈಗ ನೋಡು’ ಎಂದು ಸೂಚಿಸುತ್ತಿದ್ದುದರಿಂದ. ಅನುದಾನ ಬಂದರೆ ಮೊದಲ ಹಣ ಸಿಂಟಿಲೇಟರ್‌ಗೇ ಹೋಗಲಿ.

ಕೇಬಲ್‌ಗಳೆಲ್ಲ ಒಂದೇ ಉದ್ದವಿರಲಿ. ಸಾಮಾನ್ಯ ಕೋಆಕ್ಸಿಯಲ್ ಕೇಬಲ್ ಒಂದು ಮೀಟರ್ ಹೆಚ್ಚಾದರೆ ಮಿಡಿತ 5 ನ್ಯಾನೊಸೆಕೆಂಡ್ ತಡವಾಗುತ್ತದೆ, ಲೆಕ್ಕ ಹಾಕಿದ ದಿಕ್ಕು ಓರೆಯಾಗುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗಿನ ಸಂಜೆಗಳ ದಾಖಲೆಯನ್ನು ಬೇರೆಯೇ ಇಡಿ: ಗುಡುಗುಮೋಡದ ವಿದ್ಯುತ್ ಕ್ಷೇತ್ರವೂ ಎಲೆಕ್ಟ್ರಾನ್‌ಗಳನ್ನು ಎಳೆಯುವುದರಿಂದ ಮಿಡಿತದ ಪ್ರಮಾಣ, ದಿಕ್ಕು ಎರಡೂ ಬದಲಾಗಿರುತ್ತವೆ.

– ಭೌತಶಾಸ್ತ್ರ ಉಪನ್ಯಾಸಕರು, ತುಮಕೂರು